ನೆರೆಯವರ ಹಬ್ಬದ ಹೆಸರು

ನಮ್ಮ ಕಡೆ ಹಬ್ಬಗಳಿಗೆ ಮನೆಯ ಹೆಸರು ಒಂದು, ಬೀದಿಯ ಹೆಸರು ಇನ್ನೊಂದು. ಮನೆಯೊಳಗೆ ನಾವು ಈದ್-ಉಲ್-ಫಿತ್ರ್ ಎನ್ನುವುದು ಆಳಂದದ ಸಂತೆಯಲ್ಲಿ ರಂಜಾನ್ ಹಬ್ಬ. ಪಂಚಾಂಗ ಹಿಡಿದು ನೋಡಿದರೆ ಈ ಹೆಸರು ಸರಿಯಲ್ಲ. ಹಿಂದಿನ ಸಂಜೆ ಚಂದ್ರ ಕಂಡಾಗಲೇ ರಂಜಾನ್ ತಿಂಗಳು ಮುಗಿದಿರುತ್ತದೆ, ಹಬ್ಬ ಬರುವುದು ಶವ್ವಾಲಿನ ಮೊದಲ ದಿನ. ಆದರೆ ಬಟ್ಟೆ ಅಂಗಡಿಯ ಸಾವಕಾರರಿಗೆ, ಶಾವಿಗೆ ಮಾರುವ ಅಕ್ಕನಿಗೆ, ಶಾಲೆಯಲ್ಲಿ ರಜೆಯ ನೋಟೀಸು ಬರೆಯುವ ಹೆಡ್ ಮಾಸ್ತರರಿಗೆ ಅದು ರಂಜಾನ್ ಹಬ್ಬವೇ. ಈಗ ನಾವೂ ಹಾಗೇ ಹೇಳುತ್ತೇವೆ. ಬಕ್ರೀದಿನ ಕತೆ ಇನ್ನೂ ವಿಚಿತ್ರ. ಅರಬರಿಗೆ ಅದು ಈದ್-ಉಲ್-ಅಜ್‌ಹಾ, ಬಲಿದಾನದ ಈದ್. ಅವರ ಮುಂದೆ ಬಕ್ರೀದ್ ಎಂದರೆ ಮುಖ ನೋಡುತ್ತಾರೆ. ಅರಬಿಯ ಬಕರ್ ಎಂದರೆ ದನ, ನಮ್ಮ ದಖನಿಯ ಬಕ್ರಾ ಎಂದರೆ ಹೋತ. ಎರಡು ಭಾಷೆಗಳ ನಡುವೆ ಎಲ್ಲಿಯೋ ಹುಟ್ಟಿದ ಈ ಹೆಸರು ಹಿಂದುಸ್ತಾನದ ಆಚೀಚೆ ಬಿಟ್ಟರೆ ಬೇರೆಲ್ಲೂ ಹೆಚ್ಚು ನಡೆಯುವುದಿಲ್ಲ.

ಮೊಹರಮ್ಮಿನದಂತೂ ಹೇಳುವುದೇ ಬೇಡ. ಹಿಜರಿ 61ರ ಮೊಹರಂ 10ರಂದು, ಅಂದರೆ ಕ್ರಿಸ್ತಶಕ 680ರಲ್ಲಿ, ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದ ದುಃಖದ ದಿನ ಅದು. ನಮ್ಮ ಹಳ್ಳಿಗಳಲ್ಲಿ ಅದು ಅಲಾಯಿ ಹಬ್ಬ. ಬೆಂಕಿಯ ಕುಣಿಗೆ ದಖನಿಯಲ್ಲಿ ಅಲಾವಾ ಎನ್ನುತ್ತಾರೆ, ಆ ಕುಣಿಯೇ ಹಬ್ಬಕ್ಕೆ ಹೆಸರಾಯಿತು. ಲಿಂಗಾಯತರು, ಕುರುಬರು, ಹೊಲೆಯ-ಮಾದಿಗರು ಎಲ್ಲರೂ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಅದೇನು ಹಬ್ಬವೇ ಎಂದು ನಮ್ಮ ಮೌಲವಿಗಳು ಸಿಡುಕುತ್ತಾರೆ. ಹೆಸರು ಮಾತ್ರ ಹೋಗಿಲ್ಲ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ ನಾವು ಇಲ್ಲಿ ಬರೆಯಹೊರಟಿರುವುದು ನಮ್ಮ ಹಬ್ಬದ ಬಗ್ಗೆ ಅಲ್ಲ, ಕ್ರೈಸ್ತರ ಈಸ್ಟರ್ ಬಗ್ಗೆ, ಅದರ ಹೆಸರಿನ ಬಗ್ಗೆ. ಕ್ರಿಸ್‌ಮಸ್ ಆಗಿದ್ದರೆ ಬರೆಯುವುದು ಸುಲಭವಿತ್ತು. ಹಜರತ್ ಈಸಾ ಹುಟ್ಟಿದ್ದನ್ನು ನಾವೂ ನಂಬುತ್ತೇವೆ, ಅವರ ತಾಯಿ ಮರ್ಯಮರ ಹೆಸರಿನಲ್ಲಿ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ನಮ್ಮ ದಾರಿಯೂ ಅವರ ದಾರಿಯೂ ಕವಲೊಡೆಯುವುದು ಈಸ್ಟರ್ ಹತ್ತಿರವೇ. ಈಸಾ ಶಿಲುಬೆಯಲ್ಲಿ ತೀರಿಕೊಂಡರು, ಮೂರನೆಯ ದಿನ ಎದ್ದರು ಎಂಬುದು ಅವರ ಮತದ ಬೇರು. ಶಿಲುಬೆಗೇರಿದ್ದನ್ನು ಕುರ್‌ಆನ್ ಒಪ್ಪುವುದಿಲ್ಲ. ನಂಬದ ಹಬ್ಬದ ಹೆಸರನ್ನು ಹೇಗೆ ಹೇಳಬೇಕು ಎಂಬುದೇ ನಮ್ಮನ್ನು ಇದರ ಹಿಂದೆ ಹಚ್ಚಿದ್ದು.

ಆದರೂ ಕ್ರಿಸ್‌ಮಸ್ ದಾಟಿಯೇ ಹೋಗಬೇಕು. ನಮ್ಮ ಅಬ್ಬಾನ ಕಾಲದವರು ಕ್ರಿಸ್‌ಮಸ್ ಎಂದವರಲ್ಲ. ಅವರು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವರು, 1948ರ ನಂತರವೂ ಅವರ ಬಾಯಲ್ಲಿ ಅದು ಬಡಾ ದಿನ್. ದೊಡ್ಡ ದಿನ. ಸಾಹೇಬರ ದೊಡ್ಡ ಹಬ್ಬಕ್ಕೆ, ಅದರಲ್ಲೂ ಡಿಸೆಂಬರ್ 25ಕ್ಕೆ, ಹಿಂದುಸ್ತಾನದ ಜನ ಇಟ್ಟ ಹೆಸರೆಂದು 1886ರ ಹಾಬ್ಸನ್-ಜಾಬ್ಸನ್ ನಿಘಂಟು ಇದನ್ನು ದಾಖಲಿಸಿದೆ. ಅಫಜಲಪುರದ ಕಡೆ ಮತ್ತೊಂದು ಹೆಸರು ಕೇಳಿಸುತ್ತದೆ. ಭೀಮಾ, ಅಮರ್ಜಾ ಕೂಡುವ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆಂದು ಮಹಾರಾಷ್ಟ್ರದ ಮಂದಿ ಬರುತ್ತಲೇ ಇರುತ್ತಾರೆ, ಅಲ್ಲಿನ ಅಂಗಡಿಗಳಲ್ಲಿ ಮರಾಠಿ ಕನ್ನಡದಷ್ಟೇ ಸರಾಗ. ಡಿಸೆಂಬರ್ ರಜೆಗೆ ಬಂದವರು ಅದನ್ನು ನಾತಾಳದ ಸೂಟಿ ಎನ್ನುತ್ತಾರೆ. ಹುಟ್ಟು ಎಂಬರ್ಥದ ಲ್ಯಾಟಿನ್ ಮಾತು ಪೋರ್ಚುಗೀಸರ ಹಡಗಿನಲ್ಲಿ ನತಾಲ್ ಆಗಿ ಗೋವೆಗೆ ಇಳಿದು, ಘಟ್ಟ ಹತ್ತಿ, ಭೀಮಾ ತೀರಕ್ಕೆ ನಾತಾಳವಾಗಿ ಬಂದಿದೆ. ದುಬೈಗೆ ದುಡಿಯಲು ಹೋದ ನಮ್ಮ ಹುಡುಗರಿಗೆ ಇನ್ನೊಂದು ಗಲಿಬಿಲಿ ಕಾದಿರುತ್ತದೆ. ಡಿಸೆಂಬರಿನಲ್ಲಿ ಅಂಗಡಿಯ ಮೇಲೆ ಅರಬಿಯಲ್ಲಿ ಈದ್ ಅಲ್-ಮೀಲಾದ್ ಎಂದು ಬರೆದಿರುತ್ತಾರೆ. ನಮ್ಮಲ್ಲಿ ಈದ್ ಮಿಲಾದ್ ಎಂದರೆ ಪ್ರವಾದಿಯವರ ಜನ್ಮದಿನ. ಅರಬರು ಅದಕ್ಕೆ ಮೌಲಿದ್ ಎನ್ನುತ್ತಾರೆ, ಮೀಲಾದಿನ ಈದನ್ನು ಕ್ರಿಸ್‌ಮಸ್ಸಿಗೆ ಇಟ್ಟುಕೊಂಡಿದ್ದಾರೆ.

ಈಸ್ಟರಿಗೆ ಹೋಗುವ ದಾರಿಯಲ್ಲಿ ಒಂದು ಶುಕ್ರವಾರ ಸಿಗುತ್ತದೆ. ನಾವು ಜೇವರ್ಗಿಯಲ್ಲಿ ಕೆಲಸದಲ್ಲಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ನರ್ಸಬಾಯಿ ಇದ್ದರು. ನೌಕರಿಯಿಂದ ನಿವೃತ್ತರಾಗಿದ್ದರು, ಬೀದರ ಕಡೆಯವರು, ಮೆಥೋಡಿಸ್ಟ್ ಸಭೆಯವರು. ನಮ್ಮ ಓಣಿಯ ಅರ್ಧ ಮಕ್ಕಳು ಭೂಮಿ ಕಂಡದ್ದು ಅವರ ಕೈಯಲ್ಲೇ. ಗುಡ್ ಫ್ರೈಡೇ ದಿನ ಅವರು ಮೂರು ಗಂಟೆಯವರೆಗೆ ಒಂದು ಗುಟುಕು ಚಹಾ ಕುಡಿಯುತ್ತಿರಲಿಲ್ಲ. ಬಿಳಿ ಸೀರೆ ಉಟ್ಟು ಬೈಬಲ್ ಹಿಡಿದು ಕೂತಿರುತ್ತಿದ್ದರು. ಒಮ್ಮೆ ಆಫೀಸಿನ ಗುಮಾಸ್ತರೊಬ್ಬರು ಬೆಳಿಗ್ಗೆ ಪೇಪರಿನಲ್ಲಿ ಓದಿಕೊಂಡು ಬಂದವರು, ಬಾಗಿಲಲ್ಲೇ ನಿಂತು ದೊಡ್ಡ ದನಿಯಲ್ಲಿ, "ಬಾಯಿ, ಶುಭ ಶುಕ್ರವಾರದ ಶುಭಾಶಯ್ರಿ" ಎಂದರು. ನರ್ಸಬಾಯಿ ಸಿಟ್ಟಾಗಲಿಲ್ಲ. "ನಮ್ಮ ಮನ್ಯಾಗ ಇವತ್ತ ಮಣ್ಣಿನ ದಿನ ಅದರಿ ಅಣ್ಣಾರ. ಮಣ್ಣಿಗಿ ಬಂದವ್ರು ಶುಭಾಶಯ ಹೇಳ್ತಾರೇನ್ರಿ?" ಎಂದು ಕೇಳಿ, ಕೂಡಲು ಚಾಪೆ ಹಾಸಿದರು.

ಗುಮಾಸ್ತರ ತಪ್ಪೇನೂ ಇರಲಿಲ್ಲ. ಇಂಗ್ಲಿಷಿನ ಗುಡ್ ಎಂಬ ಮಾತಿಗೆ ಹಿಂದೆ ಪವಿತ್ರ ಎಂಬ ಅರ್ಥವೂ ಇತ್ತು, ಆ ದಿನದ ಹೆಸರಿನಲ್ಲಿ ಉಳಿದಿರುವುದು ಅದೇ. ಕನ್ನಡಕ್ಕೆ ತರುವಾಗ ಗುಡ್ ಮಾರ್ನಿಂಗ್ ಶುಭೋದಯವಾದಂತೆ ಗುಡ್ ಫ್ರೈಡೇ ಶುಭ ಶುಕ್ರವಾರವಾಯಿತು. ಅರ್ಥ ಹಿಂದೆ ಬಿತ್ತು, ಅಕ್ಷರ ಮುಂದೆ ಬಂತು. ಬೇರೆ ಭಾಷೆಗಳು ಇಷ್ಟು ಮೋಸ ಹೋಗಿಲ್ಲ. ಜರ್ಮನರಿಗೆ ಅದು ಕಾರ್‌ಫ್ರೈಟಾಗ್, ಗೋಳಾಟದ ಶುಕ್ರವಾರ. ಡೆನ್ಮಾರ್ಕಿನವರಿಗೆ ಉದ್ದ ಶುಕ್ರವಾರ. ದುಃಖದ ದಿನ ಬೇಗ ಸರಿಯುವುದಿಲ್ಲ ಎಂಬುದು ಅವರಿಗೂ ಗೊತ್ತು. ಅರಬ್ ಕ್ರೈಸ್ತರು ಮಹಾ ಜುಮ್ಮಾ ಎಂದೂ ಶೋಕದ ಜುಮ್ಮಾ ಎಂದೂ ಹೇಳುತ್ತಾರೆ. ನಮ್ಮ ಪಕ್ಕದ ಮಲೆಯಾಳಿಗಳು ಸೀದಾ ದುಃಖ ವೆಳ್ಳಿ ಎಂದುಬಿಟ್ಟಿದ್ದಾರೆ. ಕನ್ನಡದಲ್ಲಿ ಮಾತ್ರ ಶುಭ ಬಂದು ಕೂತಿದೆ. ಮೊಹರಮ್ಮಿನ ದಿನ ನಮಗೆ ಹಾರ್ದಿಕ ಶುಭಾಶಯದ ಬ್ಯಾನರು ಕಟ್ಟುವ ಪುಢಾರಿಗಳು ನಮ್ಮ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ. ಆ ಬ್ಯಾನರಿನ ಕೆಳಗೆ ನಿಂತಾಗೆಲ್ಲ ನಮಗೆ ನರ್ಸಬಾಯಿಯ ಚಾಪೆ ನೆನಪಾಗುತ್ತದೆ. ಕಟ್ಟಿದವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಪದ ಮಾತ್ರ ಪರದಾಡುತ್ತಿದೆ.

ಇನ್ನು ಈಸ್ಟರ್. ಕಲಬುರಗಿಯ ಆಸ್ಪತ್ರೆಗಳಲ್ಲಿ ಕೇರಳದ ನರ್ಸುಗಳಿದ್ದಾರೆ, ಕಾನ್ವೆಂಟ್ ಶಾಲೆಗಳಲ್ಲಿ ಮಂಗಳೂರು ಕಡೆಯ ಸಿಸ್ಟರುಗಳಿದ್ದಾರೆ. ಅಲ್ಲೊಂದು ಆಸ್ಪತ್ರೆಯಲ್ಲಿ ನಮ್ಮ ಮನೆಯವರ ಜೊತೆ ಹದಿನೈದು ದಿನ ಕಳೆಯಬೇಕಾಗಿ ಬಂದಾಗ ನಮ್ಮ ಈ ಚಟಕ್ಕೆ ಒಳ್ಳೆಯ ಅವಕಾಶ ಸಿಕ್ಕಿತು. ಮಲೆಯಾಳಿ ನರ್ಸಮ್ಮ, ಈಸ್ಟರಿಗೆ ತಮ್ಮಲ್ಲಿ ಉಯಿರ್ಪು ಪೆರುನ್ನಾಳ್ ಎಂದು ಹೆಸರು ಎಂದರು. ಉಯಿರ್ಪು ಎಂದರೆ ಮತ್ತೆ ಉಸಿರಾಡುವುದು, ಜೀವ ಬರುವುದು. ಪೆರುನ್ನಾಳ್ ಎಂದರೆ ದೊಡ್ಡ ನಾಳು, ದೊಡ್ಡ ದಿನ. ನಮಗೆ ತಟ್ಟನೆ ಅಬ್ಬಾನ ಬಡಾ ದಿನ್ ನೆನಪಾಯಿತು. ಅಷ್ಟೇ ಅಲ್ಲ, ಕೇರಳದ, ಕಾಸರಗೋಡಿನ ಮಲೆಯಾಳ ಮಾತಾಡುವ ಮುಸ್ಲಿಮರು ನಮ್ಮ ರಂಜಾನ್ ಹಬ್ಬಕ್ಕೆ ಚೆರಿಯ ಪೆರುನ್ನಾಳ್, ಬಕ್ರೀದಿಗೆ ವಲಿಯ ಪೆರುನ್ನಾಳ್ ಎಂದೇ ಹೇಳುತ್ತಾರೆ. ಹಬ್ಬ ಯಾರದಾದರೂ ಮಲೆಯಾಳಕ್ಕೆ ಅದು ಪೆರುನ್ನಾಳ್. ದೂರದ ಬಲ್ಗೇರಿಯದಲ್ಲಿ ಈಸ್ಟರಿಗೆ ವೆಲಿಕ್‌ದೆನ್ ಎನ್ನುತ್ತಾರೆ. ಅದರ ಅರ್ಥವೂ ದೊಡ್ಡ ದಿನವೇ. ಪೋಲೆಂಡಿನವರು ದೊಡ್ಡ ರಾತ್ರಿ ಎನ್ನುತ್ತಾರೆ.

ಅದೇ ನರ್ಸಮ್ಮ ಈಸ್ಟರಿಗೆ ಮೂರು ದಿನ ಮೊದಲು ಬರುವ ಗುರುವಾರಕ್ಕೆ ಪೆಸಹಾ ಎಂದರು. ಆ ದಿನ ಹುಳಿ ಬರಿಸದ ಹಿಟ್ಟಿನ ಅಪ್ಪ ಮಾಡಿ, ಮನೆಯ ಯಜಮಾನ ಮುರಿದು ಎಲ್ಲರಿಗೂ ಹಂಚುತ್ತಾನಂತೆ. ಮಂಗಳೂರಿನ ಸಿಸ್ಟರನ್ನು ಕೇಳಿದರೆ ಈಸ್ಟರಿಗೆ ಕೊಂಕಣಿಯಲ್ಲಿ ಪಾಸ್ಕಾಂಚೆಂ ಫೆಸ್ತ್ ಎಂದರು. ನಮ್ಮ ಕನ್ನಡ ಬೈಬಲಿನಲ್ಲಿ ಪಸ್ಕಹಬ್ಬ ಎಂಬ ಮಾತಿದೆ, ಉರ್ದು ಬೈಬಲಿನಲ್ಲಿ ಈದ್-ಎ-ಫಸಹ್. ಪೆಸಹಾ, ಪಾಸ್ಕ್, ಪಸ್ಕ, ಫಸಹ್. ಬಳಗವೆಲ್ಲ ಒಂದೇ ಕಡೆ ಕೂತಂತಾಯಿತು. ಇವರ ಅಜ್ಜ ಹೀಬ್ರೂವಿನ ಪೆಸಹ್. ಯಹೂದಿಗಳ ಹಬ್ಬ, ಹಜರತ್ ಮೂಸಾ ತಮ್ಮ ಜನರನ್ನು ಫಿರ್‌ಔನನ ಗುಲಾಮಗಿರಿಯಿಂದ ಬಿಡಿಸಿಕೊಂಡು ಹೊರಟ ನೆನಪು. ಆ ರಾತ್ರಿ ಬನಿ ಇಸ್ರಾಯಿಲರು ಕುರಿಮರಿಯ ರಕ್ತವನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದ್ದರು, ಸಾವು ಆ ಮನೆಗಳನ್ನು ದಾಟಿ ಹೋಯಿತು ಎಂದು ತೌರಾತ್ ಹೇಳುತ್ತದೆ. ಈಸಾರ ಕೊನೆಯ ದಿನಗಳು ಈ ಹಬ್ಬದ ಹೊತ್ತಿನಲ್ಲೇ ಬಂದವು, ಅವರ ಶಿಷ್ಯರೆಲ್ಲ ಯಹೂದಿಗಳು. ಹಾಗಾಗಿ ಹಳೆಯ ಹಬ್ಬದ ಹೆಸರೇ ಹೊಸದಕ್ಕೂ ಉಳಿಯಿತು. ಹೀಬ್ರೂವಿನಿಂದ ಅರಾಮಿಕ್, ಅಲ್ಲಿಂದ ಗ್ರೀಕ್, ಲ್ಯಾಟಿನ್. ಇಟಲಿಯಲ್ಲಿ ಪಾಸ್ಕ್ವಾ, ಸ್ಪೇನಿನಲ್ಲಿ ಪಾಸ್ಕ್ವಾ ಎಂಬಂಥದ್ದೇ ಮಾತು, ರಷ್ಯದಲ್ಲಿ ಪಾಸ್ಖ, ತುರ್ಕಿಯಲ್ಲಿ ಪಾಸ್ಕಾಲ್ಯ. ಫ್ರೆಂಚರು ಪಾಕ್ ಎನ್ನುತ್ತಾರೆ. ಅದು ಪಾರಸಿಗೆ ಹೋದಾಗ ಈದ್-ಎ-ಪಾಕ್ ಆಗಿದೆ. ಪಾಕ್ ಎಂದರೆ ಶುದ್ಧ ಎಂದು ನಮಗೆಲ್ಲ ಗೊತ್ತು. ಇರಾನಿನವರ ಕಿವಿಗೆ ಅದು ಪವಿತ್ರ ಈದ್ ಎಂದೇ ಕೇಳಿಸುತ್ತದೆ.

ಇಲ್ಲಿ ಮುಸ್ಲಿಮ್ ಓದುಗರಿಗೆ ಒಂದು ಮಾತು ನೆನಪಾಗಿರಬೇಕು. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿನ ಯಹೂದಿಗಳು ಆಶೂರಾ ದಿನ ಉಪವಾಸ ಇರುವುದನ್ನು ಕಂಡರು, ಮೂಸಾರನ್ನು ಅಲ್ಲಾಹನು ಪಾರುಮಾಡಿದ ದಿನವಿದು ಎಂದು ಅವರು ಹೇಳಿದಾಗ ತಾವೂ ಉಪವಾಸವಿದ್ದರು ಎಂದು ಹದೀಸಿನಲ್ಲಿ ಬರುತ್ತದೆ. ಆಶೂರಾ ಎಂದರೆ ಮೊಹರಂ ಹತ್ತು. ಅಂದರೆ ನಮ್ಮ ಹಳ್ಳಿಯ ಅಲಾಯಿ ಕುಣಿಯ ದಿನದಲ್ಲಿ ಕರ್ಬಲಾದ ಶೋಕದ ಕೆಳಗೆ ಮೂಸಾರ ಬಿಡುಗಡೆಯ ಹಳೆಯ ನೆನಪೂ ಒಂದಿದೆ. ಒಂದು ದಿನದ ಮೇಲೆ ಇನ್ನೊಂದು ನೆನಪು ಬಂದು ಕೂರುವುದು ಕ್ರೈಸ್ತರಿಗೆ ಮಾತ್ರ ಆದದ್ದಲ್ಲ.

ಹಾಗಾದರೆ ಇಂಗ್ಲಿಷಿನ ಈಸ್ಟರ್ ಎಲ್ಲಿಂದ ಬಂತು? ಅದು ಈ ಬಳಗಕ್ಕೆ ಸೇರಿದ್ದಲ್ಲ. ಇಂಗ್ಲಿಷರು ಈಸ್ಟರ್ ಎನ್ನುತ್ತಾರೆ, ಜರ್ಮನರು ಓಸ್ಟರ್ನ್ ಎನ್ನುತ್ತಾರೆ, ಉಳಿದವರು ಬಹುತೇಕ ಪಾಸ್ಕವನ್ನೋ ಪುನರುತ್ಥಾನವನ್ನೋ ಹಿಡಿದುಕೊಂಡಿದ್ದಾರೆ. ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ 725ರಲ್ಲಿ ಕಾಲಗಣನೆಯ ಬಗ್ಗೆ ಒಂದು ಗ್ರಂಥ ಬರೆದ. ತನ್ನ ಪೂರ್ವಿಕರ ತಿಂಗಳುಗಳ ಹೆಸರು ಹೇಳುತ್ತ, ಏಪ್ರಿಲಿನ ಹೊತ್ತಿನ ತಿಂಗಳಿಗೆ ಎಓಸ್ಟ್ರೆ ಎಂಬ ದೇವತೆಯ ಹೆಸರಿತ್ತು, ಈಗ ನಮ್ಮವರು ಪಾಸ್ಕ ಕಾಲವನ್ನು ಆ ಹೆಸರಿನಿಂದ ಕರೆಯುತ್ತಾರೆ ಎಂದು ಒಂದೆರಡು ವಾಕ್ಯದಲ್ಲಿ ಮುಗಿಸಿದ. ಆ ದೇವತೆಯ ಹೆಸರು ಹೇಳುವ ಹಳೆಯ ಬರಹ ಅದೊಂದೇ. ಅವಳ ಕತೆಯಾಗಲಿ, ಗುಡಿಯಾಗಲಿ, ಮೊಲ-ಮೊಟ್ಟೆಯಾಗಲಿ ಬೀಡನ ಮಾತಿನಲ್ಲಿ ಇಲ್ಲ. ಸಾವಿರ ವರ್ಷ ಕಳೆದ ಮೇಲೆ, 1835ರಲ್ಲಿ, ಜರ್ಮನಿಯ ಯಾಕೋಬ್ ಗ್ರಿಮ್ ಅವಳಿಗೆ ಓಸ್ತಾರಾ ಎಂಬ ಜರ್ಮನ್ ತಂಗಿಯನ್ನು ಊಹಿಸಿಕೊಟ್ಟ. 1958ರಲ್ಲಿ ಜರ್ಮನಿಯಲ್ಲಿ ರೋಮನ್ನರ ಕಾಲದ ನೂರಕ್ಕೂ ಹೆಚ್ಚು ಕಲ್ಲುಬರಹಗಳು ಸಿಕ್ಕಿ, ಅವುಗಳಲ್ಲಿ ಇದನ್ನೇ ಹೋಲುವ ಹೆಸರಿನ ಮಾತೃದೇವತೆಯರು ಕಂಡ ಮೇಲೆ, ಬೀಡ್ ಸುಳ್ಳು ಬರೆದಿರಲಿಕ್ಕಿಲ್ಲ ಎನ್ನುವವರಿಗೆ ಬಲ ಬಂತು. ದೇವತೆ ಇದ್ದಿರಲಿ, ಬಿಡಲಿ, ಪದದ ಬೇರು ಮಾತ್ರ ಸ್ಪಷ್ಟವಾಗಿದೆ. ಈಸ್ಟ್ ಎಂಬ ಮೂಡಣದ ಮಾತು, ಲ್ಯಾಟಿನ್ನಿನ ಅರೋರಾ, ಗ್ರೀಕರ ಎಓಸ್, ಸಂಸ್ಕೃತದ ಉಷಸ್ ಎಲ್ಲ ಒಂದೇ ಮೂಲದವು. ಋಗ್ವೇದದಲ್ಲಿ ಉಷೆಗೆ ಸುಮಾರು 20 ಸೂಕ್ತಗಳಿವೆ. ಹಾಗಾಗಿ ಈಸ್ಟರ್ ಎಂಬ ಪದಕ್ಕೆ ನಮ್ಮಲ್ಲಿ ಹತ್ತಿರದ ನೆಂಟ ಯಾರೆಂದರೆ ಉಷಃಕಾಲ. ಇದನ್ನು ಬರೆಯುವಾಗಲೇ ನಮಗೆ ಅಳುಕು. ಈಸ್ಟರ್ ವೇದಕಾಲದ್ದು ಎಂದು ನಾಳೆ ಯಾರಾದರೂ ಹೊರಡಬಹುದು.

ಯಾಕೆ ಅಳುಕು ಎಂದರೆ, ಅಂಥದ್ದೇ ಒಂದು ಹೊರಟಾಗಿದೆ. ಅಫಜಲಪುರದ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ನಮ್ಮ ಅಕ್ಕನ ಮಗ, ಉರ್ದು ಶಾಲೆಯ ಮಾಸ್ತರ, ಮೊಬೈಲ್ ಮುಂದೆ ಹಿಡಿದ. ಈಸ್ಟರ್ ಎಂದರೆ ಬ್ಯಾಬಿಲೋನಿನ ಇಷ್ತಾರ್ ದೇವಿ, ಕ್ರೈಸ್ತರು ಗೊತ್ತಿಲ್ಲದೆ ಬುತ್ ಪರಸ್ತಿ ಮಾಡುತ್ತಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ವರ್ಷಾವರ್ಷ ಮಾರ್ಚ್-ಏಪ್ರಿಲ್ ಬಂತೆಂದರೆ ಮುಂಗಾರಿನ ಹುಳದಂತೆ ಏಳುವ ಸಂದೇಶ ಅದು. "ಎರಡೂ ಒಂದೇ ಕೇಳಸ್ತದಲ್ಲ ಮಾಮು?" ಎಂದ.

"ಕೇಳಸ್ತದ. ನಿನ್ನ ದೋಸ್ತ ಕ್ಯಾ ಹಾಲ್ ಹೈ ಅಂತಾನ. ಹಾಲ್ ಅಂದ್ರ ಕನ್ನಡದಾಗ ಏನು?"

"ಹಾಲು."

"ಹಂಗಾದ್ರ ಅಂವ ನಿನ್ನ ಮನ್ಯಾಗ ಹಾಲು ಎಷ್ಟದ ಅಂತ ಕೇಳ್ಲಿಕತ್ತಾನೇನು?"

ಪಂಕ್ತಿಯಲ್ಲಿದ್ದವರು ನಕ್ಕರು, ಹುಡುಗನೂ ನಕ್ಕ. ಆದರೆ ನಗೆಯಲ್ಲಿ ಮುಗಿಸುವ ಸಂಗತಿ ಅದಲ್ಲ. ಈ ಇಷ್ತಾರ್ ಕತೆಗೆ ಹುಟ್ಟಿದ ಊರು, ವರ್ಷ ಎರಡೂ ಇವೆ. ಅಲೆಕ್ಸಾಂಡರ್ ಹಿಸ್ಲಪ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1853ರಲ್ಲಿ ಒಂದು ಕಿರುಹೊತ್ತಿಗೆ ಬರೆದ, ಮುಂದೆ ಅದನ್ನೇ ಬೆಳೆಸಿ ಪುಸ್ತಕ ಮಾಡಿದ. ರೋಮಿನ ಕ್ಯಾಥೊಲಿಕರ ಆಚರಣೆಗಳೆಲ್ಲ ಹಳೆಯ ಬ್ಯಾಬಿಲೋನಿನವು ಎಂದು ಹಳಿಯುವುದು ಅವನ ಉದ್ದೇಶ. ಹೆಸರಿನ ಸದ್ದು ಹೋಲುತ್ತದೆ ಎಂಬುದು ಅವನ ಸಾಕ್ಷಿ. ಕ್ರೈಸ್ತನೊಬ್ಬ ಕ್ರೈಸ್ತರನ್ನೇ ಬೈಯಲು ಮಾಡಿದ ಹತಾರವನ್ನು ಈಗ ನಾವು ಹೊಸದೆಂದು ಹೊತ್ತು ತಿರುಗುತ್ತಿದ್ದೇವೆ. ಇಷ್ತಾರ್ ಅಕ್ಕಾದಿ ಭಾಷೆಯ ಹೆಸರು, ಅರಬಿ-ಹೀಬ್ರೂಗಳ ಕುಲದ್ದು. ಈಸ್ಟರ್ ಯುರೋಪಿನ ಬಡಗಣ ತುದಿಯ ಹೆಸರು. ಎರಡರ ನಡುವೆ ನಂಟಿಲ್ಲ. ಅದಕ್ಕಿಂತ ಸರಳವಾದ ಮಾತೊಂದಿದೆ. ಇಂಗ್ಲಿಷರ ನಾಡಿಗೆ ರೋಮಿನಿಂದ ಧರ್ಮಪ್ರಚಾರಕರು ಬಂದದ್ದು 597ರಲ್ಲಿ. ಅಷ್ಟರಲ್ಲಿ ಸಿರಿಯಾ, ಈಜಿಪ್ಟು, ಗ್ರೀಸು, ರೋಮುಗಳಲ್ಲಿ ಈ ಹಬ್ಬ ಪಾಸ್ಕ ಎಂಬ ಹೆಸರಿನಲ್ಲಿ ನಡೆದು ನಾಲ್ಕು ನೂರು ವರ್ಷಕ್ಕಿಂತ ಹೆಚ್ಚಾಗಿತ್ತು. 325ರಲ್ಲಿ ನೈಸಿಯಾದಲ್ಲಿ ಬಿಷಪರು ಸಭೆ ಸೇರಿ ಅದರ ದಿನಾಂಕದ ತಕರಾರನ್ನೂ ಮಾತಾಡಿ ಮುಗಿಸಿದ್ದರು. ಮಗು ಓಡಾಡಿ ದೊಡ್ಡವನಾದ ಮೇಲೆ ಪರ ಊರಿನವರು ಇಟ್ಟ ಅಡ್ಡಹೆಸರು ನೋಡಿ ತಂದೆ ಯಾರೆಂದು ತೀರ್ಮಾನ ಮಾಡಿದ ಹಾಗಾಯಿತು.

ಸದ್ದು ಹೋಲುವುದರಿಂದ ಅರ್ಥ ಹುಟ್ಟಿಸುವುದು ವೈರಿಗಳ ಕೆಲಸ ಮಾತ್ರವೂ ಅಲ್ಲ. ಎರಡನೆಯ ಶತಮಾನದಲ್ಲಿ ಸಾರ್ದಿಸಿನ ಬಿಷಪ್ ಮೆಲಿಟೋ, ಪಾಸ್ಕ ಎಂಬುದು ಗ್ರೀಕಿನ ಪಾಸ್ಖೇನ್, ಅಂದರೆ ನೋವುಣ್ಣುವುದು ಎಂಬ ಮಾತಿನಿಂದ ಬಂದಿದೆ ಎಂದು ಪ್ರವಚನ ಮಾಡಿದ. ಹೀಬ್ರೂ ಪದಕ್ಕೆ ಗ್ರೀಕ್ ಬೇರು ಎಲ್ಲಿಂದ ಬರಬೇಕು? ವ್ಯಾಕರಣಕ್ಕೆ ಅದು ಒಪ್ಪುವುದಿಲ್ಲ. ಅವನದು ಪ್ರೀತಿಯ ತಪ್ಪು, ಹಿಸ್ಲಪನದು ದ್ವೇಷದ ತಪ್ಪು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಮಗೆ ಮನಸ್ಸಿಲ್ಲ.

ಅಕ್ಕನ ಮಗನಿಗೆ ಕೊನೆಗೆ ನಾವು ಕೇಳಿದ್ದು ಬಕ್ರೀದಿನ ಮಾತು. ಹೆಸರಿನಲ್ಲೇ ದನ ಇದೆ ನೋಡಿ, ಇವರ ಹಬ್ಬದ ಉದ್ದೇಶವೇ ಅದು ಎಂದು ಬಯಲಲ್ಲಿ ಪೆಂಡಾಲ್ ಹಾಕಿ ಮಾಡಿದ ಒಂದು ಭಾಷಣವನ್ನು ನಾವಿಬ್ಬರೂ ಒಟ್ಟಿಗೆ ಕೇಳಿದ್ದೆವು. ಅರಬರು ಬಳಸದ, ಕುರ್‌ಆನಿನಲ್ಲಿ ಇಲ್ಲದ, ಇಬ್ರಾಹಿಮರ ತ್ಯಾಗದ ಕತೆಯಲ್ಲಿ ಎಲ್ಲೂ ಬರದ ಆ ಬೀದಿಯ ಹೆಸರನ್ನು ಹಿಡಿದು ನಮ್ಮ ನಂಬಿಕೆಯ ಹೂರಣ ಇದೇ ಎಂದು ಮೈಕಿನಲ್ಲಿ ಹೇಳಿದಾಗ ಅವನ ಮುಖ ಕೆಂಪಾಗಿತ್ತು. ಅವತ್ತಿನಿಂದ ಅವನು ಬಕ್ರೀದ್ ಎನ್ನುವುದನ್ನೇ ಬಿಟ್ಟಿದ್ದ. ಮೊಬೈಲಿನ ಸಂದೇಶವನ್ನು ಅವನು ಅಳಿಸಿದನೋ ಮುಂದೆ ಕಳಿಸಿದನೋ ನಾವು ನೋಡಲಿಲ್ಲ. ಬಿರಿಯಾನಿ ತಣ್ಣಗಾಗುತ್ತಿತ್ತು.

ನಮಗೆ ಬಹಳ ದಿನ ಕಾಡಿದ್ದು ಉರ್ದುವಿನ ಒಂದು ಹೆಸರು. ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕ ಒಂದು ಉರ್ದು ಪತ್ರಿಕೆಯಲ್ಲಿ ಈಸ್ಟರನ್ನು ಈದ್-ಎ-ಕಿಯಾಮತುಲ್ ಮಸೀಹ್ ಎಂದು ಬರೆದಿದ್ದರು. ಪಾಕಿಸ್ತಾನದ ಕ್ರೈಸ್ತರಲ್ಲಿ ಇದು ರೂಢಿಯ ಹೆಸರು. ನಮ್ಮ ಅಮ್ಮಿಗೆ ಓದಿ ಹೇಳಿದಾಗ ಅವರು ತೌಬಾ ಎಂದು ಗಲ್ಲ ತಟ್ಟಿಕೊಂಡು, "ಯೇ ಕೈಸೀ ಈದ್ ರೇ, ಕಿಯಾಮತ್ ಕೀ?" ಎಂದು ಕೇಳಿದರು. ಕಿಯಾಮತ್ ಎಂದರೆ ನಮಗೆ ಪ್ರಳಯ. ಭೂಮಿ ಅದುರುವ, ಬೆಟ್ಟಗಳು ಅರಳೆಯಂತೆ ಹಾರುವ ಕೊನೆಯ ದಿನ. ನಮ್ಮ ಮನೆಗಳಲ್ಲಿ ಹಾಲು ಉಕ್ಕಿದರೂ ಕಿಯಾಮತ್, ಬಸ್ಸು ತಪ್ಪಿದರೂ ಕಿಯಾಮತ್. ಆದರೆ ಪದದ ಬೇರು ನೋಡಿದರೆ ಅಲ್ಲಿ ನಾಶದ ಅರ್ಥವೇ ಇಲ್ಲ. ಅರಬಿಯ ಕಾಮ ಎಂದರೆ ಎದ್ದು ನಿಲ್ಲುವುದು. ನಮಾಜಿನಲ್ಲಿ ನಿಂತಿರುವುದಕ್ಕೆ ಕಿಯಾಮ್ ಎನ್ನುತ್ತೇವೆ, ಜಮಾತಿಗೆ ಎದ್ದು ನಿಲ್ಲಲು ಕೊಡುವ ಕರೆ ಇಕಾಮತ್. ಸತ್ತವರೆಲ್ಲ ಗೋರಿಯಿಂದ ಎದ್ದು ನಿಲ್ಲುವ ದಿನವಾದ್ದರಿಂದ ಅದು ಕಿಯಾಮತ್. ಸಿರಿಯಾಕ್ ಭಾಷೆಯ ಕ್ರೈಸ್ತರು ಈಸಾ ಎದ್ದದ್ದಕ್ಕೆ ಇದೇ ಬೇರಿನ ಕ್ಯಾಮ್ತಾ ಎಂಬ ಮಾತನ್ನು ಬಳಸುತ್ತಾರೆ. ಒಂದೇ ಪದ ಅವರ ಬಾಯಲ್ಲಿ ಆಗಿಹೋದ ಒಂದು ಬೆಳಗು, ನಮ್ಮ ಬಾಯಲ್ಲಿ ಬರಲಿರುವ ಒಂದು ದಿನ. ಇಷ್ಟನ್ನು ಅಮ್ಮಿಗೆ ಬಿಡಿಸಿ ಹೇಳಿದೆವು. "ಹಾಂ, ಖಡೇ ಹೋನಾ" ಎಂದು ಒಂದು ಗಳಿಗೆ ಸುಮ್ಮನಿದ್ದು, ತಮ್ಮ ಮಂಡಿನೋವಿನ ವಿಷಯಕ್ಕೆ ಹೊರಳಿದರು.

ಈದ್ ಎಂಬ ಪದದ್ದೂ ಹೀಗೆಯೇ. ನಮ್ಮದೇ ಎಂದು ನಾವು ಎದೆಗೊತ್ತಿಕೊಂಡಿರುವ ಈ ಪದ ಸಿರಿಯಾಕಿನಲ್ಲಿ ಈದಾ ಎಂದಿದೆ, ಅಲ್ಲಿನ ಕ್ರೈಸ್ತರ ಹಬ್ಬಗಳ ಹೆಸರಿನಲ್ಲೆಲ್ಲ ಅದು ಬರುತ್ತದೆ. ಕುರ್‌ಆನಿನಲ್ಲಿ ಈದ್ ಎಂಬ ಪದ ಬರುವುದು ಒಂದೇ ಒಂದು ಸಲ. ಐದನೆಯ ಅಧ್ಯಾಯದ 114ನೆಯ ವಚನದಲ್ಲಿ. ಅದು ಯಾರ ಬಾಯಲ್ಲಿ ಬರುತ್ತದೆ ಎಂದರೆ ಹಜರತ್ ಈಸಾರ ಬಾಯಲ್ಲಿ. ಶಿಷ್ಯರಿಗಾಗಿ ಆಕಾಶದಿಂದ ಊಟದ ಹರಿವಾಣ ಇಳಿಸಿಕೊಡು, ಅದು ನಮ್ಮ ಮೊದಲಿನವರಿಗೂ ಕೊನೆಯವರಿಗೂ ಈದ್ ಆಗಲಿ ಎಂಬರ್ಥದಲ್ಲಿ ಅವರು ಬೇಡಿಕೊಳ್ಳುತ್ತಾರೆ. ಆ ಅಧ್ಯಾಯದ ಹೆಸರೇ ಮಾಯಿದಾ, ಊಟ ಬಡಿಸಿದ ಹರಿವಾಣ. ಈ ಮಾತನ್ನು ನಾವು ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾದ ಕಟ್ಟೆಯ ಮೇಲೆ ಕೂತು ಒಬ್ಬ ಹಿರಿಯ ಹಾಫಿಜರಿಗೆ ಹೇಳಿದೆವು. ಇಡೀ ಕುರ್‌ಆನ್ ಬಾಯಿಪಾಠ ಇದ್ದವರು. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹುಡುಕಿ ಬಂದರು. "ಸಹೀ ಹೈ. ಏಕೀಚ್ ಜಗಾ ಹೈ" ಎಂದರು. ಅಷ್ಟು ವರ್ಷ ಓದಿದರೂ ಎಣಿಸಿರಲಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಂದಹಾಗೆ ಆ ದರ್ಗಾದ ಹಜರತರ ಹೆಸರು ಶೇಖ್ ಅಲಾವುದ್ದೀನ್ ಅನ್ಸಾರಿ. ಲಾಡ್ಲೆ ಎಂದರೆ ಮುದ್ದಿನವರು. ಊರಿನವರಿಗೆ ಮುದ್ದಿನ ಹೆಸರೇ ಸಾಕಾಗಿದೆ.

ಈಸ್ಟರ್ ದಿನ ಗೊತ್ತುಮಾಡುವುದೂ ಚಂದ್ರನನ್ನು ನೋಡಿಯೇ. ಮಾರ್ಚ್ 21 ಅಥವಾ ಆಮೇಲಿನ ಮೊದಲ ಹುಣ್ಣಿಮೆ ಕಳೆದ ಭಾನುವಾರ ಅದು ಬೀಳುತ್ತದೆ. ಮಾರ್ಚ್ 22ಕ್ಕಿಂತ ಮುಂಚೆ ಇಲ್ಲ, ಏಪ್ರಿಲ್ 25 ದಾಟುವುದಿಲ್ಲ. ನಮ್ಮ ರೈತರ ಲೆಕ್ಕದಲ್ಲಿ ಹೋಳಿ ಹುಣ್ಣಿಮೆಯ ಬೆನ್ನಿಗೋ ದವನದ ಹುಣ್ಣಿಮೆಯ ಬೆನ್ನಿಗೋ ಬರುತ್ತದೆ. ನಮ್ಮ ತಿಂಗಳುಗಳು ವರ್ಷವೆಲ್ಲ ಸುತ್ತುವುದರಿಂದ ಆಗೊಮ್ಮೆ ಈಗೊಮ್ಮೆ ಎರಡೂ ಎದುರುಬದುರಾಗುತ್ತವೆ. 2024ರಲ್ಲಿ ಮಾರ್ಚ್ 31ರಂದು ಈಸ್ಟರ್ ಬಂದಾಗ ನಮಗೆ ರಂಜಾನ್ ರೋಜಾ ನಡೆದಿತ್ತು. ನಾವು ಕಲಬುರಗಿಯಲ್ಲಿದ್ದೆವು. ಸಹರಿಗೆ ಎದ್ದಾಗ ನಮ್ಮ ಮನೆಯಲ್ಲಿ ದೀಪ ಹತ್ತಿತು, ಎರಡು ಮನೆ ಆಚೆ ಮಗಳ ಗೆಳತಿಯ ಮನೆಯಲ್ಲೂ ಹತ್ತಿತ್ತು. ಅವರು ಸೂರ್ಯ ಹುಟ್ಟುವ ಮೊದಲಿನ ಆರಾಧನೆಗೆ ಹೊರಡುವವರು.

ಹಿಂದಿನ ದಿನ ಮಗಳು ನಮ್ಮನ್ನು ಕೇಳಿದ್ದಳು, "ಅಬ್ಬಾ, ಅಕಿಗಿ ನಾ ಏನಂತ ಹೇಳ್ಲಿ? ಹ್ಯಾಪಿ ಈಸ್ಟರ್ ಅನ್ಲೋ, ಕನ್ನಡದಾಗ ಏನರ ಅದ ಏನು?" ಅವರ ಮನೆಯಲ್ಲಿ ಏನನ್ನುತ್ತಾರೋ ಕೇಳಿಕೊಂಡು ಬಾ ಎಂದೆವು. ಸಂಜೆ ಇಫ್ತಾರಿನ ಹೊತ್ತಿಗೆ ಬಂದಳು. ಖರ್ಜೂರ ಬಾಯಿಗಿಡುತ್ತ ವರದಿ ಒಪ್ಪಿಸಿದಳು. ಗೆಳತಿ ಈಸ್ಟರ್ ಎನ್ನುತ್ತಾಳೆ. ಪಾಸ್ಟರು ಪುನರುತ್ಥಾನದ ಹಬ್ಬ ಎನ್ನುತ್ತಾರೆ. ಮನೆಯಲ್ಲಿ ಶಾಲೆಗೆ ಹೋಗದ ಅಜ್ಜಿಯೊಬ್ಬರಿದ್ದಾರೆ.

"ಅಜ್ಜಿ ಏನಂತಾರ?" ಎಂದೆವು.

"ಯೇಸಪ್ಪ ಎದ್ದ ಹಬ್ಬ."